ಸೀಟಿನ ಜತೆ ಸೂರೂ ಬೇಕು: ಸುರತ್ಕಲ್–ಮುಕ್ಕ ಕಡಲ ಬದಿಯ ಬಾಡಿಗೆ ವಿದ್ಯಾರ್ಥಿಗಳ ಹಕ್ಕೊತ್ತಾಯ ಪತ್ರ

ಇವರಿಗೆ:
ದಕ್ಷಿಣ ಕನ್ನಡ ಜಿಲ್ಲಾಧಿಕಾರಿಗಳು, ಮಂಗಳೂರು ಮಹಾನಗರ ಪಾಲಿಕೆಯ ಆಯುಕ್ತರು, ಮಂಗಳೂರು ನಗರ ಪೊಲೀಸ್ ಆಯುಕ್ತರು, ಮೆಸ್ಕಾಂ ಅಧಿಕಾರಿಗಳು ಮತ್ತು ಸುರತ್ಕಲ್ ಭಾಗದ ಎಲ್ಲ ಕಾಲೇಜುಗಳ ಆಡಳಿತ ಮಂಡಳಿಗಳು

ಮಾನ್ಯರೇ,

ಸುರತ್ಕಲ್ ಪೇಟೆಯಿಂದ ಮುಕ್ಕದವರೆಗೆ ರಾಷ್ಟ್ರೀಯ ಹೆದ್ದಾರಿ 66ರ ಎರಡೂ ಬದಿಯಲ್ಲಿ, ಹೆದ್ದಾರಿಯಿಂದ ಪಡುವಣಕ್ಕೆ ಕಡಲಿನತ್ತ ಇಳಿಯುವ ಓಣಿಗಳಲ್ಲಿ ಬಾಡಿಗೆಗೆ ಇರುವ ವಿದ್ಯಾರ್ಥಿಗಳು ನಾವು. 1960ರಲ್ಲಿ ಕರ್ನಾಟಕ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜು (ಕೆಆರ್‌ಇಸಿ) ಇಲ್ಲಿ ಶುರುವಾಯಿತು. 2002ರಲ್ಲಿ ಅದು ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ (ಎನ್‌ಐಟಿಕೆ) ಆಯಿತು. ಅದರ ಆವರಣದೊಳಗೆ ಹಾಸ್ಟೆಲುಗಳಿವೆ. ಆದರೆ ಈ ಅರವತ್ತು ವರ್ಷಗಳಲ್ಲಿ ಸುತ್ತಮುತ್ತ ಪದವಿ ಕಾಲೇಜು, ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಅರೆವೈದ್ಯಕೀಯ ಎಂದು ಕಲಿಕೆಯ ಊರೇ ಬೆಳೆದಿದೆ. ಕಾಲೇಜುಗಳ ಸೀಟು ಬೆಳೆದ ವೇಗದಲ್ಲಿ ಹಾಸ್ಟೆಲಿನ ಮಂಚ ಬೆಳೆದಿಲ್ಲ. ಉಳಿದವರ ಪಾಲಿಗೆ ಪಿಜಿ, ಔಟ್‌ಹೌಸ್, ತಾರಸಿಯ ಮೇಲೆ ಶೀಟು ಹೊದಿಸಿದ ರೂಮು, ಇಲ್ಲವೇ ನಾಲ್ಕೈದು ಮಂದಿ ಸೇರಿ ಹಿಡಿಯುವ ಮನೆ.

ರಾಯಚೂರು, ಬೀದರ್, ವಿಜಯಪುರದಿಂದ ಬಂದವರು ನಮ್ಮಲ್ಲಿದ್ದಾರೆ. ಕಾಸರಗೋಡಿನವರಿದ್ದಾರೆ, ಈಶಾನ್ಯ ರಾಜ್ಯಗಳವರಿದ್ದಾರೆ, ಇದೇ ಜಿಲ್ಲೆಯ ಸುಳ್ಯ, ಬೆಳ್ತಂಗಡಿಯ ಕಡೆಯವರೂ ಇದ್ದಾರೆ. ಪ್ರವೇಶ ಮುಗಿಯುವ ಹೊತ್ತಿಗೆ ಮಳೆ ಹಿಡಿದಿರುತ್ತದೆ. ಹದಿನೆಂಟು ವರ್ಷದ ಹುಡುಗ ಹುಡುಗಿಯರು ತಂದೆ ತಾಯಿಯ ಜತೆ ಕೊಡೆ ಹಿಡಿದು ಗೇಟಿನಿಂದ ಗೇಟಿಗೆ ಅಲೆಯುತ್ತಾರೆ. ಊರಿಗೆ ವಾಪಸ್ ಹೋಗುವ ರೈಲಿನ ಸಮಯ ಹತ್ತಿರವಾಗುತ್ತಿದ್ದಂತೆ ಯಾವ ರೂಮಾದರೂ ಸರಿ ಎಂದು ಒಪ್ಪಿಬಿಡುತ್ತಾರೆ. ಬ್ರೋಕರ್ ಕಾಯುವುದು ಆ ಗಳಿಗೆಗೇ. ಅವಸರದಲ್ಲಿ ಹೇಳಿದ 'ಹೂಂ'ನ ಬೆಲೆಯನ್ನು ಇಡೀ ವರ್ಷ ತೆರುತ್ತೇವೆ. ಬಾಡಿಗೆಯ ಕೋಣೆ ಓದಿನ ಹೊರಗಿನ ವಿಷಯವಲ್ಲ, ಓದಿನದೇ ಒಂದು ಭಾಗ ಎಂಬುದು ನಮ್ಮ ನಿಲುವು. ಅದರ ಹೊಣೆಯನ್ನು ಕಾಲೇಜು, ಪಾಲಿಕೆ, ಜಿಲ್ಲಾಡಳಿತ ಹಂಚಿಕೊಳ್ಳಬೇಕೆಂದು ಈ ಕೆಳಗಿನ ಹಕ್ಕೊತ್ತಾಯಗಳನ್ನು ಮುಂದಿಡುತ್ತಿದ್ದೇವೆ.

1. ಸೀಟಿನ ಲೆಕ್ಕದ ಪಕ್ಕದಲ್ಲಿ ಮಂಚದ ಲೆಕ್ಕ ಇರಲಿ.

ಪ್ರತಿ ಕಾಲೇಜೂ ತನ್ನ ಪ್ರವೇಶ ಪ್ರಕಟಣೆಯಲ್ಲಿ ಒಟ್ಟು ಸೀಟು ಎಷ್ಟು, ಹಾಸ್ಟೆಲಿನಲ್ಲಿ ಹುಡುಗರಿಗೆ, ಹುಡುಗಿಯರಿಗೆ ಎಷ್ಟೆಷ್ಟು ಮಂಚ ಇವೆ, ಅದರಲ್ಲಿ ಮೊದಲ ವರ್ಷದವರಿಗೆ ಮೀಸಲಾದವು ಎಷ್ಟು ಎಂದು ಅಚ್ಚು ಹಾಕಬೇಕು. 'ವಸತಿ ಸೌಲಭ್ಯವಿದೆ' ಎಂಬ ಎರಡು ಪದ ಸಾಲದು. ಆ ಎರಡು ಪದವನ್ನು ನಂಬಿ ಬಂದವರಿಗೆ ಶುಲ್ಕ ಕಟ್ಟಿದ ಮೇಲೆ 'ಹಾಸ್ಟೆಲ್ ತುಂಬಿದೆ, ಹೊರಗೆ ನೋಡಿಕೊಳ್ಳಿ' ಎಂಬ ಉತ್ತರ ಸಿಗುತ್ತದೆ. ಹೊಸ ವಿಭಾಗಕ್ಕೋ ಹೆಚ್ಚುವರಿ ಸೀಟಿಗೋ ಅರ್ಜಿ ಹಾಕುವ ಕಾಲೇಜು, ಆ ಮಕ್ಕಳು ಎಲ್ಲಿ ಇರುತ್ತಾರೆ ಎಂಬುದನ್ನೂ ಅದೇ ಅರ್ಜಿಯಲ್ಲಿ ತಿಳಿಸುವಂತಾಗಬೇಕು.

2. ಕಾಲೇಜಿನಲ್ಲಿ ವಸತಿ ಮೇಜು ತೆರೆಯಿರಿ.

ಪ್ರವೇಶದ ಎರಡು ತಿಂಗಳಾದರೂ ಪ್ರತಿ ಕಾಲೇಜಿನ ಕಚೇರಿಯಲ್ಲಿ ಬಾಡಿಗೆ ಮನೆಗಳ ಪಟ್ಟಿ ಹಿಡಿದು ಕೂರುವ ಒಬ್ಬ ಸಿಬ್ಬಂದಿ ಬೇಕು. ಪಟ್ಟಿಯಲ್ಲಿರುವ ಮನೆಗೆ ಕಾಲೇಜಿನವರು ಒಮ್ಮೆಯಾದರೂ ಹೋಗಿ ನೋಡಿರಬೇಕು. ಬಾಡಿಗೆ, ಮುಂಗಡ, ನೀರಿನ ಮೂಲ, ಶೌಚಾಲಯ ಎಷ್ಟು ಮಂದಿಗೆ ಒಂದು ಎಂಬುದೆಲ್ಲ ಪಟ್ಟಿಯಲ್ಲೇ ಬರೆದಿರಬೇಕು. ಹೀಗಾದರೆ ಒಂದು ತಿಂಗಳ ಬಾಡಿಗೆಯಷ್ಟು ಬ್ರೋಕರ್ ಕಮಿಷನ್ ಉಳಿಯುತ್ತದೆ. ಹಿಂದಿನ ವರ್ಷ ಅಲ್ಲಿ ಇದ್ದವರ ಮಾತನ್ನೂ ದಾಖಲಿಸಿಕೊಳ್ಳಿ. ಮಳೆಗಾಲದಲ್ಲಿ ಒಂದು ಮನೆ ಹೇಗಿರುತ್ತದೆ ಎಂಬುದು ಮಳೆಗಾಲ ಕಳೆದವರಿಗೇ ಗೊತ್ತು.

3. ಮುಂಗಡ ಎರಡು ತಿಂಗಳ ಬಾಡಿಗೆ ಮೀರಬಾರದು. ಕೀಲಿ ಒಪ್ಪಿಸಿದ ದಿನವೇ ಲೆಕ್ಕ ಮುಗಿಯಬೇಕು.

ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯಷ್ಟೇ ಮುಂಗಡ ಎನ್ನುತ್ತದೆ. ಮಾಲೀಕರು ಒಳಗೆ ಬರಬೇಕಾದರೆ 24 ಗಂಟೆ ಮೊದಲೇ ತಿಳಿಸಬೇಕು ಎಂದೂ ಅದರಲ್ಲಿದೆ. ಅದನ್ನು ಕಾನೂನಾಗಿ ತರುವುದು ರಾಜ್ಯದ ಕೈಯಲ್ಲಿದೆ. ಇರುವ ಕರ್ನಾಟಕ ಬಾಡಿಗೆ ಕಾಯ್ದೆ, 1999, ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಗೆ ಅನ್ವಯಿಸುವುದೇ ಇಲ್ಲ. ಆ ಮೊತ್ತಕ್ಕೆ ಇವತ್ತು ಇಲ್ಲಿ ಯಾವ ಮನೆ ಸಿಗುತ್ತದೆ? ಹಾಗಾಗಿ ನಮ್ಮ ಕೈಯಲ್ಲಿ ಉಳಿಯುವುದು ಕರಾರು ಪತ್ರವೊಂದೇ. ಆ ಪತ್ರದ ಮಾದರಿಯನ್ನು ಜಿಲ್ಲಾಡಳಿತವೇ ಕನ್ನಡದಲ್ಲಿ ಸಿದ್ಧಪಡಿಸಿ ಕಾಲೇಜುಗಳ ಮೂಲಕ ಹಂಚಬೇಕು.

ಅದರಲ್ಲಿ ಮೂರು ವಿಷಯ ಇರಲೇಬೇಕು. ಮನೆ ಹಿಡಿಯುವ ದಿನ ಗೋಡೆ, ಕಿಟಕಿ, ನಲ್ಲಿಗಳ ಸ್ಥಿತಿಯನ್ನು ಫೋಟೊ ಸಮೇತ ಇಬ್ಬರೂ ಒಪ್ಪಿ ಬರೆದುಕೊಳ್ಳಬೇಕು. ಕಡಲಿನ ಉಪ್ಪುಗಾಳಿಗೆ ಏಳುವ ಸುಣ್ಣ, ತುಕ್ಕು ಹಿಡಿಯುವ ಸರಳು ಇವನ್ನು ಬಾಡಿಗೆದಾರರ ತಪ್ಪೆಂದು ಎಣಿಸಿ ಪೇಂಟಿಂಗ್ ಖರ್ಚಿನ ಹೆಸರಲ್ಲಿ ಮುಂಗಡ ಮುರಿಯಬಾರದು. ಇನ್ನು ಅವಧಿ. ನೋಂದಣಿಯ ತಾಪತ್ರಯ ಬೇಡವೆಂದು ಎಲ್ಲರೂ 11 ತಿಂಗಳ ಕರಾರು ಬರೆಯುತ್ತಾರೆ, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಪರೀಕ್ಷೆ ಮುಂದಕ್ಕೆ ಹೋದಾಗ ಅದೇ ಬಾಡಿಗೆಗೆ ಪರೀಕ್ಷೆ ಮುಗಿಯುವವರೆಗೆ ಇರಲು ಬಿಡಬೇಕು. ಕಡಲ ಬದಿಯ ಕೋಣೆಯನ್ನು ದಿನದ ಲೆಕ್ಕದಲ್ಲಿ ಪ್ರವಾಸಿಗರಿಗೆ ಕೊಟ್ಟರೆ ಹೆಚ್ಚು ಹಣ ಬರುತ್ತದೆ ಎಂಬುದು ನಮಗೂ ತಿಳಿದಿದೆ. ಆ ಕಾರಣಕ್ಕೆ ಸೆಮಿಸ್ಟರಿನ ನಡುವೆ ಗಂಟುಮೂಟೆ ಕಟ್ಟಿಸಬಾರದು.

4. ಕೋಣೆ ಮನುಷ್ಯರು ಇರುವಂತಿರಬೇಕು.

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇವೆ. ಈ ಭಾಗದಲ್ಲಿ ನಾವು ಇರುವ ಒಂದು ಔಟ್‌ಹೌಸನ್ನು ಅಧಿಕಾರಿಗಳು ಬಂದು ನೋಡಲಿ. ಕೆಂಪುಕಲ್ಲಿನ ಹಳೆಯ ಮನೆಯ ಹಿಂಬದಿಗೆ ಸೇರಿಸಿ ಕಟ್ಟಿದ ಹತ್ತಡಿ, ಹನ್ನೆರಡಡಿಯ ಕೋಣೆ. ಮೂರು ಮಂಚ. ಮಂಚಗಳ ನಡುವೆ ಒಬ್ಬರು ನಿಂತರೆ ಇನ್ನೊಬ್ಬರು ಹಾದುಹೋಗುವಂತಿಲ್ಲ. ಜುಲೈ ಬರುವಷ್ಟರಲ್ಲಿ ಗೋಡೆ ಸೊಂಟದೆತ್ತರಕ್ಕೆ ಒದ್ದೆ, ಬಟ್ಟೆಗೂ ಪುಸ್ತಕದ ರಟ್ಟಿಗೂ ಬೂಷ್ಟು. ಅಂಕಪಟ್ಟಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅಕ್ಕಿಯ ಡಬ್ಬಿಯೊಳಗೆ ಇಡುತ್ತೇವೆ. ಸ್ವಿಚ್‌ಬೋರ್ಡಿನ ತಿರುಪುಗಳು ಉಪ್ಪುಗಾಳಿಗೆ ಹಸಿರುಗಟ್ಟಿವೆ, ಒದ್ದೆ ಕೈಯಲ್ಲಿ ಮುಟ್ಟಿದರೆ ಜುಮ್ಮೆನ್ನುತ್ತದೆ. ಬಚ್ಚಲಿನ ಹೀಟರಿಗೆ ಅರ್ಥಿಂಗ್ ಇಲ್ಲ.

ಬೆಂಗಳೂರಿನಲ್ಲಿ ಅಂದಿನ ಬಿಬಿಎಂಪಿ 2024ರ ಆಗಸ್ಟ್‌ನಲ್ಲಿ ಪಿಜಿಗಳಿಗೆ ನಿಯಮ ಹೊರಡಿಸಿತು. ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಿಸಿ ಕ್ಯಾಮೆರಾ, ಅಡುಗೆಮನೆಗೆ ಆಹಾರ ಸುರಕ್ಷತೆಯ ಪರವಾನಗಿ, ಗೋಡೆಯ ಮೇಲೆ ಸಹಾಯವಾಣಿಯ ಸಂಖ್ಯೆ ಅದರಲ್ಲಿವೆ. ಕೋರಮಂಗಲದ ಪಿಜಿಯೊಂದರಲ್ಲಿ ಯುವತಿಯೊಬ್ಬಳ ಕೊಲೆಯಾದ ಮೇಲೆ ಬಂದ ನಿಯಮ ಅದು. ಮಂಗಳೂರು ಪಾಲಿಕೆ ಅಂಥ ಸಾವಿಗೆ ಕಾಯಬಾರದು. ಮೇಲೆ ಹೇಳಿದ ಕೋಣೆಯಲ್ಲಿ ಒಬ್ಬರಿಗೆ ಸಿಗುವುದು 40 ಚದರ ಅಡಿ. ಅಲ್ಲಿ ಮೂವರ ಜಾಗದಲ್ಲಿ ಒಬ್ಬರಷ್ಟೇ ಇರಬಹುದು ಎಂದು ಬೆಂಗಳೂರಿನ ಅಳತೆಗೋಲು ಹೇಳುತ್ತದೆ. ಒಮ್ಮೆಲೇ ಅದನ್ನು ಹೇರಿದರೆ ಬಾಡಿಗೆ ಮೂರು ಪಟ್ಟಾಗುತ್ತದೆ, ನಾವೇ ಬೀದಿಗೆ ಬೀಳುತ್ತೇವೆ. ಆದ್ದರಿಂದ ಜಾಗದ ಅಳತೆಯನ್ನು ಹೊಸ ಕಟ್ಟಡಗಳಿಗೆ ಈ ವರ್ಷವೇ, ಹಳೆಯವಕ್ಕೆ ಹಂತ ಹಂತವಾಗಿ ಜಾರಿಗೆ ತನ್ನಿ ಎಂಬುದು ನಮ್ಮ ಬೇಡಿಕೆ. ಜೀವಕ್ಕೆ ಸಂಬಂಧಿಸಿದ್ದಕ್ಕೆ ಮಾತ್ರ ಯಾವ ಹಂತವೂ ಬೇಡ. ಸೋರಿಕೆ ಕಂಡೊಡನೆ ವಿದ್ಯುತ್ ಕಡಿಯುವ ಬ್ರೇಕರ್, ಸರಿಯಾದ ಅರ್ಥಿಂಗ್, ಮೆಟ್ಟಿಲ ಕೆಳಗೆ ಗ್ಯಾಸ್ ಸಿಲಿಂಡರ್ ಇಡದಿರುವುದು, ಮೇಲಿನ ಅಂತಸ್ತಿಗೆ ಬೀಗ ಹಾಕದ ದಾರಿ ಇವು ಈ ಮಳೆಗಾಲಕ್ಕೆ ಮೊದಲೇ ಆಗಬೇಕು. ಮೆಸ್ಕಾಂ ಮತ್ತು ಅಗ್ನಿಶಾಮಕ ಸಿಬ್ಬಂದಿ ಮೇ ತಿಂಗಳಲ್ಲೇ ತಪಾಸಣೆ ಮುಗಿಸಲಿ.

5. ಬೇಸಿಗೆಯಲ್ಲೂ ಕುಡಿಯುವ ನೀರು.

ಕಡಲ ಬದಿಯ ಬಾವಿಗಳಲ್ಲಿ ಮಾರ್ಚ್ ಕಳೆದರೆ ಒರತೆ ಇಳಿದು ನೀರು ಉಪ್ಪಾಗುತ್ತದೆ. ಆಮೇಲೆ ನಮಗೆ ಪಾಲಿಕೆಯ ನಲ್ಲಿಯೇ ಗತಿ. ಆ ನಲ್ಲಿಗೆ ನೇತ್ರಾವತಿಯ ತುಂಬೆ ಅಣೆಕಟ್ಟೆಯೇ ಗತಿ. 2019ರ ಬೇಸಿಗೆಯಲ್ಲಿ ತುಂಬೆಯ ಮಟ್ಟ ಇಳಿದು ನಗರಕ್ಕೆಲ್ಲ ಪಾಳಿಯ ಮೇಲೆ ನೀರು ಬಂತು. ಅಂಥ ದಿನಗಳಲ್ಲಿ ಟ್ಯಾಂಕರಿನ ಖರ್ಚು ಯಾರದೆಂಬ ಜಗಳ ಪ್ರತಿ ಪಿಜಿಯಲ್ಲೂ ಏಳುತ್ತದೆ. ಅದೇ ಹೊತ್ತು ಪರೀಕ್ಷೆಯ ಹೊತ್ತೂ ಹೌದು. ಹಾಗಾಗಿ ಟ್ಯಾಂಕರ್ ಖರ್ಚಿನ ಹಂಚಿಕೆ ಕರಾರಿನಲ್ಲೇ ಬರೆದಿರಲಿ. ಪಾಲಿಕೆ ತನ್ನ ಪಾಳಿಯ ಲೆಕ್ಕ ಹಾಕುವಾಗ ಒಂದು ನಲ್ಲಿಯನ್ನು ಒಂದು ಕುಟುಂಬ ಎಂದು ಎಣಿಸದೆ ಆ ಕಟ್ಟಡದಲ್ಲಿ ಇರುವ ತಲೆಗಳನ್ನು ಎಣಿಸಲಿ. ಬಾವಿ ನೀರನ್ನು ವರ್ಷಕ್ಕೆರಡು ಸಲ, ಮಳೆಗಾಲದ ಮೊದಲು ಮತ್ತು ನಂತರ, ಪರೀಕ್ಷೆ ಮಾಡಿಸಿ ವರದಿಯನ್ನು ಗೋಡೆಗೆ ಅಂಟಿಸಲಿ. ಶೌಚದ ಗುಂಡಿಗೂ ಬಾವಿಗೂ ನಡುವೆ ಅಂತರವೇ ಇಲ್ಲದ ಹಿತ್ತಿಲುಗಳು ಇಲ್ಲಿ ಸಾಕಷ್ಟಿವೆ.

6. ಶೂನ್ಯ ಬಿಲ್ಲಿಗೆ ಹಣ ಕೇಳಬೇಡಿ.

ಗೃಹಜ್ಯೋತಿ ಯೋಜನೆಯಲ್ಲಿ 2023ರ ಜುಲೈ ತಿಂಗಳ ಬಳಕೆಯಿಂದ ಮನೆಗಳಿಗೆ 200 ಯೂನಿಟ್ ಮಿತಿಯೊಳಗೆ ಉಚಿತ ವಿದ್ಯುತ್ ಸಿಗುತ್ತಿದೆ. ಬಾಡಿಗೆದಾರರಿಗೂ ಅದು ಸಲ್ಲುತ್ತದೆ. ಮೆಸ್ಕಾಂನಿಂದ ಶೂನ್ಯ ಬಿಲ್ ಬಂದ ಮೀಟರಿಗೇ ಸಬ್ ಮೀಟರ್ ಇಟ್ಟು ನಮ್ಮಿಂದ ಯೂನಿಟಿಗೆ ಇಷ್ಟು ಎಂದು ವಸೂಲಿ ಮಾಡುವುದು ನಿಲ್ಲಬೇಕು. ಪ್ರತಿ ತಿಂಗಳ ಅಸಲು ಬಿಲ್ಲನ್ನು ತೋರಿಸುವುದು ಕಡ್ಡಾಯವಾಗಲಿ.

7. ಪಿಜಿಯ ಬಿಲ್ಲಿನಲ್ಲಿ ಇಲ್ಲದ ತೆರಿಗೆ ಸೇರಿಸಬೇಡಿ.

2024ರ ಜೂನ್‌ನಲ್ಲಿ ಜಿಎಸ್‌ಟಿ ಮಂಡಳಿ, ಒಬ್ಬರಿಗೆ ತಿಂಗಳಿಗೆ 20,000 ರೂಪಾಯಿವರೆಗಿನ ವಸತಿಗೆ, ಸತತ 90 ದಿನ ಇದ್ದರೆ, ತೆರಿಗೆ ಬೇಡವೆಂದು ಶಿಫಾರಸು ಮಾಡಿತು. ನಾವೆಲ್ಲರೂ ಈ ಮಿತಿಯ ಒಳಗೇ ಇದ್ದೇವೆ.

8. ಜಾತಿ, ಧರ್ಮ ಕೇಳುವ ಮನೆ ಕಾಲೇಜಿನ ಪಟ್ಟಿಯಲ್ಲಿ ಇರಬಾರದು.

ಫೋನಿನಲ್ಲಿ ಮೊದಲ ಪ್ರಶ್ನೆ ಊರು ಯಾವುದು ಎಂದಾಗಿರುತ್ತದೆ. ಎರಡನೆಯದು ಹೆಸರು. ಹೆಸರಿನಿಂದ ಗೊತ್ತಾಗದಿದ್ದರೆ ತಂದೆಯ ಹೆಸರು, ಮನೆಯಲ್ಲಿ ಮೀನು ಮಾಂಸ ತಿನ್ನುತ್ತೀರಾ ಎಂಬ ಸುತ್ತುಬಳಸು. ಆಮೇಲೆ 'ಮನೆ ಬೇರೆಯವರಿಗೆ ಆಗಿದೆ' ಎಂಬ ಉತ್ತರ. ಮರುದಿನ ಬೇರೊಂದು ಹೆಸರಿನ ಗೆಳೆಯ ಫೋನ್ ಮಾಡಿದರೆ ಅದೇ ಮನೆ ಖಾಲಿ ಇರುತ್ತದೆ. ದಲಿತ ವಿದ್ಯಾರ್ಥಿಗಳಿಗೆ, ಮುಸ್ಲಿಂ ವಿದ್ಯಾರ್ಥಿಗಳಿಗೆ, ಈಶಾನ್ಯದಿಂದ ಬಂದವರಿಗೆ ಇದು ಹೊಸದಲ್ಲ. ಹೇಳಿಕೊಳ್ಳಲು ಅವರಿಗೇ ನಾಚಿಕೆಯಾಗುವಂತೆ ಮಾಡಿಟ್ಟಿದ್ದೇವೆ, ಅದು ನಮಗೆ ಅತ್ಯಂತ ನೋವಿನ ಸಂಗತಿ. ಒಬ್ಬ ಮಾಲೀಕರ ಮನಸ್ಸನ್ನು ಆದೇಶದಿಂದ ಬದಲಿಸಲು ಆಗದೇ ಇರಬಹುದು. ಕಾಲೇಜಿನ ಪಟ್ಟಿ ಮಾತ್ರ ಸಂವಿಧಾನದ ಚೌಕಟ್ಟಿನೊಳಗೇ ಇರಬೇಕು. ದೂರು ಬಂದು ನಿಜವೆಂದು ಕಂಡರೆ ಆ ಮನೆಯ ಹೆಸರು ಪಟ್ಟಿಯಿಂದ ಹೋಗಲಿ, ಪಿಜಿಯಾದರೆ ಪರವಾನಗಿಯ ನವೀಕರಣವೂ ನಿಲ್ಲಲಿ. ಮಾಲೀಕರ ಅಡುಗೆಮನೆಯನ್ನೇ ಹಂಚಿಕೊಳ್ಳುವಾಗ ಅವರ ಊಟದ ಕಟ್ಟಳೆಯನ್ನು ನಾವು ಗೌರವಿಸುತ್ತೇವೆ. ಪ್ರತ್ಯೇಕ ಒಲೆ ಇರುವ ಕೋಣೆಯಲ್ಲಿ, ಅದೂ ಮೀನಿನ ದೋಣಿ ಬಂದು ನಿಲ್ಲುವ ಈ ಕಿನಾರೆಯಲ್ಲಿ, ನಾವು ಏನು ಬೇಯಿಸುತ್ತೇವೆ ಎಂಬುದು ನಮಗೆ ಬಿಟ್ಟದ್ದು.

9. ಬಾಗಿಲ ಒಳಗೂ ಬಾಗಿಲ ಹೊರಗೂ ಸುರಕ್ಷತೆ.

2012ರಲ್ಲಿ ಪಡೀಲಿನ ಹೋಂಸ್ಟೇಯೊಂದಕ್ಕೆ ನುಗ್ಗಿ ಹುಟ್ಟುಹಬ್ಬ ಆಚರಿಸುತ್ತಿದ್ದ ಯುವಕ ಯುವತಿಯರ ಮೇಲೆ ಹಲ್ಲೆ ಮಾಡಿದ್ದು ಈ ನಗರದಲ್ಲೇ. 2023ರ ಜೂನ್‌ನಲ್ಲಿ ಸೋಮೇಶ್ವರ ಕಡಲತೀರದಲ್ಲಿ ಕೇರಳದ ವಿದ್ಯಾರ್ಥಿಗಳಿಗೆ ಹೊಡೆದದ್ದೂ ಇದೇ ಕರಾವಳಿಯಲ್ಲಿ. ಸಹಪಾಠಿಗಳು ಒಟ್ಟಿಗೆ ಕೂತು ಓದುವುದಕ್ಕೂ ಹೆದರಬೇಕಾದ ಸ್ಥಿತಿ ನಮ್ಮದು. ನಮ್ಮ ವಿಳಾಸ, ಫೋನ್, ಜತೆಗಿರುವವರ ವಿವರಗಳನ್ನು ಪೊಲೀಸ್ ಪರಿಶೀಲನೆಗೆ ಕೊಡಲು ನಮ್ಮ ಅಡ್ಡಿಯಿಲ್ಲ. ಆ ಹಾಳೆ ಠಾಣೆಯಿಂದಾಗಲಿ ಮಾಲೀಕರಿಂದಾಗಲಿ ಮೂರನೆಯವರ ಕೈಗೆ ಹೋಗಬಾರದು. ಯಾವುದೇ ಗುಂಪು ಬಾಡಿಗೆ ಮನೆಯ ಬಾಗಿಲಿಗೆ ಬಂದು ವಿಚಾರಣೆಗೆ ನಿಂತರೆ ಅದು ಅತಿಕ್ರಮ ಪ್ರವೇಶ. ಅದನ್ನು ಹಾಗೆಯೇ ದಾಖಲಿಸಿಕೊಳ್ಳಬೇಕು. ಅಂಥ ಗಲಾಟೆಯ ನೆಪ ಹಿಡಿದು ಬಾಡಿಗೆದಾರರನ್ನೇ ಖಾಲಿ ಮಾಡಿಸುವುದು ಸಲ್ಲದು.

ನರ್ಸಿಂಗ್ ವಿದ್ಯಾರ್ಥಿನಿಯರ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಆಸ್ಪತ್ರೆಯ ಪಾಳಿ ಮುಗಿಸಿ ರಾತ್ರಿ ಬಂದವರಿಗೆ ಗೇಟು ಮುಚ್ಚಿರುತ್ತದೆ. ಕಾಲೇಜೇ ಹಾಕಿದ ಪಾಳಿಗೆ ಹೋದವಳು ಕಾಲೇಜಿನ ಪಕ್ಕದ ಪಿಜಿಯ ಹೊರಗೆ ನಿಂತು ವಾರ್ಡನ್ನಿಗೆ ಫೋನ್ ಮಾಡಬೇಕು. ಪಾಳಿಯ ಪಟ್ಟಿಯನ್ನು ಕಾಲೇಜು ತಾನೇ ಪಿಜಿಗೆ ಕಳಿಸಲಿ, ರಾತ್ರಿ ಪಾಳಿಯವರನ್ನು ಬಾಗಿಲವರೆಗೆ ಬಿಡುವ ವಾಹನ ಕೊಡಲಿ.

10. ಬಸ್ಸು ಮತ್ತು ಬೀದಿದೀಪ.

ಕಾಲೇಜಿಗೆ ಹತ್ತಿರವಿದ್ದಷ್ಟೂ ಬಾಡಿಗೆ ಏರುತ್ತದೆ. ದೂರ ಹೋದರೆ ಬಸ್ಸಿನ ಖರ್ಚು ಅದನ್ನು ತಿನ್ನುತ್ತದೆ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಆದರೆ ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಸುರತ್ಕಲ್ ಕಡೆಗೆ ಓಡುವ ಸಿಟಿ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿ. ಅಲ್ಲಿ ಶಕ್ತಿ ನಡೆಯುವುದಿಲ್ಲ. ಬೆಳಿಗ್ಗೆ ಮತ್ತು ಸಂಜೆ ಕಾಲೇಜಿನ ಹೊತ್ತಿಗೆ ಈ ಮಾರ್ಗದಲ್ಲಿ ಸರ್ಕಾರಿ ಸಿಟಿ ಬಸ್ಸುಗಳನ್ನು ಹೆಚ್ಚಿಸಿ. ಕೂಳೂರು, ಬೈಕಂಪಾಡಿ, ಕಾಟಿಪಳ್ಳದ ಕಡೆ ಮನೆ ಹಿಡಿಯುವ ಧೈರ್ಯ ಆಗ ಬರುತ್ತದೆ, ಮುಕ್ಕದ ಓಣಿಗಳ ಮೇಲಿನ ಒತ್ತಡವೂ ಇಳಿಯುತ್ತದೆ. ಹೆದ್ದಾರಿಯಿಂದ ಕಡಲಿನತ್ತ ಇಳಿಯುವ ಓಣಿಗಳಿಗೆ ದೀಪ, ಹೆದ್ದಾರಿ ದಾಟುವಲ್ಲಿ ಸಿಗ್ನಲ್ ಬೇಕು.

11. ವಿದ್ಯಾಸಿರಿ ಇಂದಿನ ಬಾಡಿಗೆಗೆ ತಕ್ಕಂತಿರಲಿ, ಸಮಯಕ್ಕೆ ಬರಲಿ.

ಸರ್ಕಾರಿ ಹಾಸ್ಟೆಲಿನಲ್ಲಿ ಜಾಗ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ಊಟ, ವಸತಿಗೆಂದು ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡುವ ಯೋಜನೆಯಾಗಿ 2013–14ರಲ್ಲಿ ವಿದ್ಯಾಸಿರಿ ಬಂತು. ನಮ್ಮಲ್ಲಿ ಎಷ್ಟೋ ಮಂದಿ ಕಾಲೇಜಿನ ಮೆಟ್ಟಿಲು ಹತ್ತಿದ್ದೇ ಅದರ ಭರವಸೆಯಲ್ಲಿ. ಆ 15,000 ರೂಪಾಯಿಯಲ್ಲಿ ಇವತ್ತು ಈ ಕಡಲ ಬದಿಯಲ್ಲಿ ಊಟವನ್ನೂ ಬಾಡಿಗೆಯನ್ನೂ ವರ್ಷವಿಡೀ ತೂಗಿಸಲು ಆಗದು. ಮೊತ್ತವನ್ನು ಆಯಾ ನಗರದ ಬಾಡಿಗೆಗೆ ತಾಳೆ ಹಾಕಿ ನಿಗದಿ ಮಾಡಬೇಕು. ಅದಕ್ಕಿಂತ ಮುಖ್ಯವಾಗಿ, ಬಾಡಿಗೆ ಪ್ರತಿ ತಿಂಗಳ ಐದನೇ ತಾರೀಖಿಗೆ ಕಟ್ಟಬೇಕಾದದ್ದು. ಸಹಾಯದ ಹಣ ವರ್ಷದ ಕೊನೆಗೆ ಖಾತೆಗೆ ಬಿದ್ದರೆ ಅಷ್ಟರಲ್ಲಿ ಹುಡುಗ ಸಾಲ ಮಾಡಿರುತ್ತಾನೆ, ಇಲ್ಲವೇ ಓದು ಬಿಟ್ಟು ಊರು ಸೇರಿರುತ್ತಾನೆ. ಮೊದಲ ಕಂತು ಪ್ರವೇಶದ ತಿಂಗಳಲ್ಲೇ, ಮುಂಗಡ ಕಟ್ಟಲು ಅನುಕೂಲವಾಗುವಂತೆ, ಬಿಡುಗಡೆಯಾಗಲಿ. ಸುರತ್ಕಲ್ ಭಾಗದಲ್ಲಿ ಮೆಟ್ರಿಕ್ ನಂತರದ ಸರ್ಕಾರಿ ಹಾಸ್ಟೆಲುಗಳ ಮಂಚ ಹೆಚ್ಚಿಸಿ.

12. ಕಡಲ್ಕೊರೆತದ ಪಟ್ಟಿಯಲ್ಲಿ ನಮ್ಮನ್ನೂ ಎಣಿಸಿ.

ಮುಕ್ಕದಿಂದ ಸಸಿಹಿತ್ಲಿನವರೆಗೆ ಜೂನ್, ಜುಲೈನಲ್ಲಿ ಕಡಲು ದಡ ಕೊರೆಯುತ್ತದೆ. ಅಪಾಯದ ಮನೆಗಳಿಂದ ಜನರನ್ನು ಸ್ಥಳಾಂತರಿಸುವಾಗ ಅಧಿಕಾರಿಗಳ ಕೈಯಲ್ಲಿರುವುದು ರೇಷನ್ ಕಾರ್ಡಿನ, ಮತದಾರರ ಹೆಸರುಗಳು. ಅವೆರಡರಲ್ಲೂ ನಾವಿಲ್ಲ, ನಮ್ಮ ಹೆಸರು ಊರಲ್ಲಿದೆ. ರೆಡ್ ಅಲರ್ಟ್ ದಿನ ಕಾಲೇಜಿಗೆ ರಜೆ ಸಾರಿದರೆ ನಾವು ಇರುವುದು ಅದೇ ಕೋಣೆಯಲ್ಲಿ. ವಾರ್ಡುವಾರು ಬಾಡಿಗೆ ವಿದ್ಯಾರ್ಥಿಗಳ ಪಟ್ಟಿ ಜಿಲ್ಲಾ ವಿಪತ್ತು ನಿರ್ವಹಣಾ ಕಚೇರಿಯಲ್ಲಿ ಇರಲಿ. ಅಂಥ ದಿನ ಕಾಲೇಜಿನ ಸಭಾಂಗಣವನ್ನು ನಮಗೆ ತೆರೆಯಲಿ. ಮನೆ ಹಾಳಾದಾಗ ಮಾಲೀಕರಿಗೆ ಪರಿಹಾರ ಸಿಗುವುದು ನ್ಯಾಯವೇ. ನಮ್ಮ ಪುಸ್ತಕ, ಲ್ಯಾಪ್‌ಟಾಪ್, ಕಟ್ಟಿದ ಮುಂಗಡ ಹೋದಾಗ ಯಾರನ್ನು ಕೇಳಬೇಕು ಎಂಬುದಕ್ಕೂ ಉತ್ತರ ಬೇಕು.

13. ಸಣ್ಣ ಮಾಲೀಕರನ್ನು ಹಿಂಡಬೇಡಿ.

ಈ ಪತ್ರ ಮನೆ ಮಾಲೀಕರ ವಿರುದ್ಧದ ಪತ್ರ ಎಂದು ಯಾರೂ ಓದಬಾರದು. ಹಿತ್ತಿಲಿನ ಎರಡು ಕೋಣೆಯ ಬಾಡಿಗೆಯಲ್ಲೇ ಬದುಕುವ ವಿಧವೆಯರು, ಮೀನುಗಾರಿಕೆ ನಿಂತ ಮಳೆಗಾಲದ ತಿಂಗಳುಗಳನ್ನು ನಮ್ಮ ಬಾಡಿಗೆಯಿಂದ ದಾಟಿಸುವ ಮೊಗವೀರ ಕುಟುಂಬಗಳು, ಮಕ್ಕಳು ಗಲ್ಫಿನಲ್ಲಿದ್ದು ಒಂಟಿಯಾದ ಹಿರಿಯರು ಇಲ್ಲಿದ್ದಾರೆ. ಜ್ವರ ಬಂದಾಗ ಗಂಜಿ ಕಾಯಿಸಿ ಕೊಟ್ಟ ಅಮ್ಮಂದಿರ ಋಣ ನಮ್ಮ ಮೇಲಿದೆ. ಮೂರು ಕೋಣೆಯವರೆಗೆ ಬಾಡಿಗೆಗೆ ಕೊಡುವ ಇಂಥವರಿಗೆ ಒಂದು ಹಾಳೆಯ ನೋಂದಣಿ ಸಾಕು. ಗೃಹಬಳಕೆಯ ವಿದ್ಯುತ್ ದರವೇ ಮುಂದುವರಿಯಲಿ, ವಯರಿಂಗ್ ಬದಲಿಸಲು ಸಹಕಾರಿ ಬ್ಯಾಂಕಿನಿಂದ ಕಡಿಮೆ ಬಡ್ಡಿಯ ಸಾಲ ಸಿಗಲಿ. ಪರವಾನಗಿ, ತಪಾಸಣೆ, ದಂಡದ ಬಿಗಿ ಇರಬೇಕಾದದ್ದು ಅಂತಸ್ತಿನ ಮೇಲೆ ಅಂತಸ್ತು ಎಬ್ಬಿಸಿ ವ್ಯಾಪಾರ ಮಾಡುವ ಪಿಜಿಗಳ ಮೇಲೆ.

14. ದೂರು ಕೊಡಲು ಒಂದು ಜಾಗ.

ಊಟ, ವಸತಿಯ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ವ್ಯಾಪ್ತಿಯಲ್ಲಿ ಬರುತ್ತದೆ. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರಿನ ಶುಲ್ಕವೂ ಇಲ್ಲ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡಬೇಕು. ಇವೆರಡೂ ನಮಗೆ ಗೊತ್ತಾಗುವ ಹೊತ್ತಿಗೆ ಕೋರ್ಸು ಮುಗಿದಿರುತ್ತದೆ. ಪ್ರಾಧಿಕಾರದ ವಕೀಲರು ತಿಂಗಳಿಗೊಮ್ಮೆ ಸುರತ್ಕಲ್ ಪಾಲಿಕೆ ಕಚೇರಿಯಲ್ಲಿ ಕೂರಲಿ. ಮುಂಗಡ ವಾಪಸಾತಿಯ ಜಗಳಗಳನ್ನು ಮಾಲೀಕರು, ವಿದ್ಯಾರ್ಥಿಗಳು, ಕಾಲೇಜು ಮೂವರೂ ಇರುವ ಸಮಿತಿ 30 ದಿನದೊಳಗೆ ಬಗೆಹರಿಸಲಿ. ದೂರು ಕೊಟ್ಟವರ ಹಾಜರಾತಿ, ಆಂತರಿಕ ಅಂಕಗಳ ಮೇಲೆ ಅದರ ನೆರಳು ಬೀಳಬಾರದು.

ಈ ಹಕ್ಕೊತ್ತಾಯಗಳ ಮೇಲೆ ಮುಂದಿನ ಪ್ರವೇಶ ಪ್ರಕಟಣೆಗಳು ಹೊರಡುವ ಮೊದಲೇ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಸಭೆ ಕರೆಯಬೇಕೆಂದು ಕೇಳುತ್ತೇವೆ. ಸಭೆಯಲ್ಲಿ ಬಾಡಿಗೆಗಿರುವ ವಿದ್ಯಾರ್ಥಿಗಳು ಮತ್ತು ಸಣ್ಣ ಮಾಲೀಕರ ಪ್ರತಿನಿಧಿಗಳು ಇರಬೇಕು, ಪ್ರತಿನಿಧಿಗಳಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳಾಗಿರಬೇಕು. ನಾಲ್ಕನೇ ಹಕ್ಕೊತ್ತಾಯದ ವಿದ್ಯುತ್ ಮತ್ತು ಅಗ್ನಿ ತಪಾಸಣೆಯ ದಿನಾಂಕವನ್ನು ಅದೇ ಸಭೆಯಲ್ಲಿ ಗೊತ್ತುಮಾಡಿ, ನಡಾವಳಿಯ ಪ್ರತಿಯನ್ನು ಎಲ್ಲ ಕಾಲೇಜುಗಳ ಸೂಚನಾ ಫಲಕದಲ್ಲಿ ಹಾಕಬೇಕು.

ಇತಿ,
ಸುರತ್ಕಲ್–ಮುಕ್ಕ ಭಾಗದಲ್ಲಿ ಬಾಡಿಗೆಗಿರುವ ವಿದ್ಯಾರ್ಥಿಗಳು